ಮಧ್ಯಾಹ್ನಕ್ಕೇ ಮಲಗುವ ಹುಣಸೆಮರ

ಅಂಜಿನಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಎದುರಿಗೆ ಚಪ್ಪಟೆ ಕಲ್ಲು, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಒಂದೇ ಏಟಿಗೆ ಹಣ್ಣು ಬಾಯಿ ಬಿಡಬೇಕು, ಬೀಜ ಒಡೆಯಬಾರದು. ಬೀಜ ಮೊರಕ್ಕೆ, ನಾರು ಮಗ್ಗುಲಿಗೆ, ಹಣ್ಣು ಬುಟ್ಟಿಗೆ. ಇಷ್ಟು ವರ್ಷದ ರೂಢಿಗೆ ಕೈ ತಾನಾಗಿ ನಡೆಯುತ್ತಿತ್ತು. ಕಣ್ಣು ಮಾತ್ರ ಮನೆ ಎದುರಿನ ಹುಣಸೆಮರದ ಮೇಲಿತ್ತು.

ಹೊತ್ತು ನೆತ್ತಿಗೆ ಬಂದಿತ್ತು. ಮರದ ಎಲೆಗಳು ಮಡಚಿಕೊಳ್ಳುತ್ತಿದ್ದವು.

ಹುಣಸೆ ಎಲೆ ರಾತ್ರಿಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಕಡ್ಡಿಯ ಎರಡೂ ಬದಿಯ ಪುಟ್ಟ ಎಲೆಗಳು ಕೈಮುಗಿದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮರ ಮಲಗಿತು, ಇನ್ನು ಚಿಗುರು ಕೀಳಬೇಡಿ ಎಂದು ಹೆಂಗಸರು ಮಕ್ಕಳನ್ನು ಗದರುತ್ತಾರೆ. ಆದರೆ ಈ ಮರ ಕೆಲವು ದಿನಗಳಿಂದ ಮಧ್ಯಾಹ್ನಕ್ಕೇ ಮಲಗುತ್ತಿತ್ತು. ಎಲೆ ಹಳದಿಯಾಗಿರಲಿಲ್ಲ, ಉದುರಿರಲಿಲ್ಲ. ಹಸಿರು ಹಸಿರಾಗಿಯೇ ಮಲಗುತ್ತಿತ್ತು.

ಅಂಜಿನಮ್ಮ ಅದನ್ನು ಕಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೆನ್ನುತ್ತಾರೆ ಎಂಬುದು ಗೊತ್ತಿತ್ತು. ಇಂಥದೇ ಮಾತನ್ನು ಅವಳು ಹಿಂದೊಮ್ಮೆ ಹೇಳಿಯಾಗಿತ್ತು. ಆಗ ಮರದ ಬಗ್ಗೆ ಹೇಳಿರಲಿಲ್ಲ.

"ಅದೇನು ಹಂಗೆ ನೋಡ್ತೀಯೇ ಅಂಜಿನಿ, ಮರಕ್ಕೆ ದೃಷ್ಟಿ ಆದೀತು," ಎಂದಳು ಎದುರಿಗೆ ಕೂತು ಬೀಜ ಬಿಡಿಸುತ್ತಿದ್ದ ಪಕ್ಕದ ಮನೆಯ ಚೌಡೇಶ್ವರಿ. "ಈ ವರ್ಷ ಬಿಟ್ಟಂಗೆ ಇದು ಯಾವತ್ತು ಕಾಯಿ ಬಿಟ್ಟಿತ್ತು ಹೇಳು? ಟೊಂಗೆ ಬಗ್ಗಿ ನಮ್ಮ ಹೆಂಚಿಗೆ ತಾಗಿದ್ವು. ಹಬ್ಬದ ದಿನ ಅದಕ್ಕೊಂದು ಸೀರೆ ಉಡಿಸಬೇಕು ನೋಡು."

"ಉಡಿಸೋಣ ಬಿಡು," ಎಂದಳು ಅಂಜಿನಮ್ಮ.

"ಸೋಮವಾರ ಕಟ್ಟೆ ಶುರು ಅಂತಲ್ಲ? ನಿಮ್ಮೆಜಮಾನ್ರು ನಿನ್ನೆಯಿಂದ ನೆಲದ ಮೇಲೇ ನಡೀತಿಲ್ಲ."

 ಅಂಜಿನಮ್ಮನ ಸುತ್ತಿಗೆ ತಪ್ಪಿ ಬೀಜ ಒಡೆಯಿತು.

ಜಗಳೂರು ಸೀಮೆಯ ಆ ಊರಿನಲ್ಲಿ ಇವರ ಕೇರಿ ಕೊನೆಗಿದೆ. ಊರ ನಡುವೆ ಅರಳಿಕಟ್ಟೆ ಇದೆ. ಅದರ ಮೇಲೆ ಅಂಜಿನಮ್ಮನ ಗಂಡ ಧರ್ಮಪ್ಪನ ತಂದೆ ಒಂದು ದಿನವೂ ಕೂತವನಲ್ಲ. ಪಕ್ಕದ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಕರೆದಾಗ ಎದ್ದು ಹೋಗುತ್ತಿದ್ದ. ಈಗ ಕಟ್ಟೆ ಹತ್ತಬೇಡ ಎನ್ನುವವರು ಯಾರೂ ಇಲ್ಲ. ಆದರೂ ಧರ್ಮಪ್ಪ ಅಲ್ಲಿ ಹೋಗಿ ಕೂರುವುದಿಲ್ಲ. 'ನಮ್ಮ ಕೇರಿಗೇ ಒಂದು ಕಟ್ಟೆ ಆಗಬೇಕು. ನಮ್ಮ ಮರ, ನಮ್ಮ ನೆರಳು, ನಮ್ಮ ಕಟ್ಟೆ' ಎನ್ನುವುದು ಅವನ ಬಹಳ ವರ್ಷದ ಮಾತು. ಕೇರಿಯವರೆಲ್ಲ ಸೇರಿ ಸಿಮೆಂಟು, ಜಲ್ಲಿ, ಹೊಳೆಯುವ ಟೈಲ್ಸು ತಂದು ಹಾಕಿದ್ದರು. ಹುಣಸೆಮರದ ಬುಡ ಸುತ್ತಿ, ಬೊಡ್ಡೆಗೆ ಅಂಟಿದಂತೆ ದುಂಡನೆಯ ಕಟ್ಟೆ. ಧರ್ಮಪ್ಪ ಅದರ ಚಿತ್ರವನ್ನು ಇದ್ದಿಲಿನಲ್ಲಿ ಗೋಡೆ ಮೇಲೆ ಬರೆದಿಟ್ಟಿದ್ದ.

ಮರದ ಮೂರು ಕಡೆಗೆ ಆಗಲೇ ಕಾಂಕ್ರೀಟ್ ಬಂದಾಗಿತ್ತು. ಎರಡು ವರ್ಷದ ಹಿಂದೆ ರಸ್ತೆ ಮಾಡುವಾಗ ಬೊಡ್ಡೆಯ ತನಕ ಸುರಿದು ಹೋಗಿದ್ದರು. ಮಳೆಗಾಲದ ಕೆಸರು ತಪ್ಪಿತೆಂದು ಎಲ್ಲರಿಗೂ ಸಂತೋಷವಾಗಿತ್ತು, ಅಂಜಿನಮ್ಮನಿಗೂ. ಇವಳ ಮನೆ ಕಡೆಗೆ ಮಾತ್ರ ಒಂದು ಮಂಚದಗಲ ಮಣ್ಣು ಉಳಿದಿತ್ತು. ಸೋಮವಾರದ ಕಟ್ಟೆ ಆ ಮಣ್ಣನ್ನೂ ಮುಚ್ಚುವುದಿತ್ತು.

ಆ ಮಣ್ಣಿನಲ್ಲಿ ಅವಳ ಚೊಚ್ಚಲ ಮಗಳಿದ್ದಳು.

ಹಲ್ಲು ಬರದ ಕೂಸನ್ನು ಸುಡುಗಾಡಿಗೆ ಒಯ್ಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಮನೆಯ ಹತ್ತಿರವೇ ಮಣ್ಣು ಮಾಡಿ, ನಾಯಿ ಕೆದರದಂತೆ ಜಾಲಿ ಮುಳ್ಳು ಹೊದಿಸಿ, ಮೇಲೆ ಕಲ್ಲು ಹೇರಿದ್ದರು. ಮುಂದಿನ ಮಳೆಗೆ ಆ ಮುಳ್ಳಿನ ನಡುವಿನಿಂದ ಒಂದು ಹುಣಸೆ ಸಸಿ ತಲೆಯೆತ್ತಿತು. ಯಾರೂ ನೆಟ್ಟಿರಲಿಲ್ಲ. ಅಂಜಿನಮ್ಮ ಅದನ್ನು ಕೀಳಲು ಬಿಡಲಿಲ್ಲ. ಆಮೇಲೆ ಗಂಡು ಮಕ್ಕಳು ಹುಟ್ಟಿದರು, ಬೆಳೆದರು, ಅವರವರ ಕೆಲಸಕ್ಕೆ ಹೋದರು. ಮಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಧರ್ಮಪ್ಪನಂತೂ ಒಂದು ಸಲವೂ ಎತ್ತಲಿಲ್ಲ. ಅವನು ಮರೆತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಗಂಡಸರಿಗೆ ಮರೆಯುವುದು ಸುಲಭ ಎಂದುಕೊಂಡು, ಸಿಟ್ಟನ್ನೂ ಮಾಡದೆ, ಒಳಗೇ ಮುಚ್ಚಿಟ್ಟಿದ್ದಳು.

ಚೌಡೇಶ್ವರಿ ತಲೆಯೆತ್ತಿ ರಸ್ತೆ ಕಡೆ ನೋಡಿದಳು. "ಯಾರೋ ಬಂದ್ರಲ್ಲೇ. ಗಣತಿಯೋರಾ?"

ಒಬ್ಬ ಹುಡುಗಿ ಮರದ ಕೆಳಗೆ ನಿಂತಿದ್ದಳು. ತಲೆಗೆ ಟೋಪಿ, ಬೆನ್ನಿಗೆ ಭಾರದ ಬ್ಯಾಗು. ಬ್ಯಾಗಿನಿಂದ ಒಂದು ಕಪ್ಪು ತಂತಿ ಹೊರಟು, ತುದಿಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ದಪ್ಪ ಬಾಯಿ ಇತ್ತು.

"ಅಮ್ಮಾ, ಈ ಮರ ಯಾರದ್ರಿ? ಒಂದಿಷ್ಟು ಎಲೆ ಕಿತ್ಕೊಳ್ಳಲಾ?"

"ಕೇರೀದು. ಚಿಗುರೆಲ್ಲಿ ಐತೆ ತಾಯಿ ಈಗ, ಚಟ್ನಿಗೆ ಬರಾದಿಲ್ಲ ಅವು," ಎಂದಳು ಚೌಡೇಶ್ವರಿ.

ಹುಡುಗಿ ನಕ್ಕಳು. "ಚಟ್ನಿಗಲ್ರೀ. ಮರಕ್ಕೆ ನೀರು ಸಾಲ್ತೈತೋ ಇಲ್ವೋ ನೋಡಾಕೆ. ನನ್ನ ಹೆಸರು ಚೈತ್ರಶ್ರೀ. ಕೃಷಿ ಕಾಲೇಜಲ್ಲಿ ಓದ್ತಾ ಇದೀನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮುಗಿಸ್ಕೊಂಡು ಈಗ ನಿಮ್ಮ ಜಗಳೂರಿಗೆ ಬಂದೀನಿ. ಊರೊಳಗಿನ ಮರ, ರಸ್ತೆ ಪಕ್ಕದ ಮರ, ಎಲ್ಲದರ ಎಲೆನೂ ನೋಡ್ತೀವಿ."

"ನಿಮ್ಮೂರು ಯಾವುದು?" ಎಂದಳು ಚೌಡೇಶ್ವರಿ.

"ಸಾಸ್ವೆಹಳ್ಳಿ ರೀ."

"ಓಹೋ! ಹೊಳೆ ದಂಡೆಯೋರು! ಬಾಗಿಲು ತೆಗೆದ್ರೆ ನೀರು ಕಾಣೋರು ನಮಗೆ ನೀರಿನ ಪಾಠ ಹೇಳಾಕೆ ಬಂದ್ರಾ?"

"ಹೂಂ ಬೈರಿ, ಮೊದಲು ಕುಡಿಯಾಕೆ ನೀರು ಕೊಟ್ಟು ಆಮೇಲೆ ಬೈರಿ," ಎಂದು ಹುಡುಗಿ ಜಗಲಿಯಲ್ಲೇ ಕೂತುಬಿಟ್ಟಳು. ಅಂಜಿನಮ್ಮ ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಹುಡುಗಿ ಗಟಗಟ ಕುಡಿದಳು. ಅವಳು ಕುಡಿಯುವುದನ್ನು ಅಂಜಿನಮ್ಮ ಪೂರ್ತಿ ನೋಡಿದಳು. ಯಾರಾದರೂ ನೀರು ಕುಡಿಯುವಾಗ ಹಾಗೆ ನೋಡುವುದು ಅವಳಿಗೆ ಎಂದಿನಿಂದಲೋ ಬಂದ ರೂಢಿ.

ಆಮೇಲೆ ಚೈತ್ರಶ್ರೀ ಕೆಲಸಕ್ಕೆ ನಿಂತಳು. ಮೊದಲು ಅಳತೆ ಸರಿಹೊಂದಿಸಲು ಒಂದು ಬಿಳಿ ಬಿಲ್ಲೆಗೆ ಆ ಕ್ಲಿಪ್ಪು ಹಿಡಿದಳು. ಹುಣಸೆ ಎಲೆ ಬಲು ಸಣ್ಣದಲ್ಲವೆ? ಹಾಗಾಗಿ ನಾಲ್ಕಾರು ಎಲೆಗಳನ್ನು ಸಂದಿಯಿಲ್ಲದಂತೆ ಒತ್ತಾಗಿ ಜೋಡಿಸಿ ಕ್ಲಿಪ್ಪಿನ ಬಾಯಿಗಿಟ್ಟಳು. ಒಳಗೆ ಬೆಳಕು ಹತ್ತಿತು. ಕೈಯಲ್ಲಿದ್ದ ಡಬ್ಬಿಯ ಪರದೆಯ ಮೇಲೆ ಒಂದು ಗೆರೆ ಎದ್ದು, ಏರಿ, ಇಳಿದು ಹೋಯಿತು. ಅವಳು ಬೇರೆ ಟೊಂಗೆಯ ಎಲೆ ತೆಗೆದು ಮತ್ತೆ ನೋಡಿದಳು. ಇನ್ನೊಂದು ಟೊಂಗೆ. ಮುಖದ ನಗು ಹೋಯಿತು.

"ಏನಾತವ್ವಾ?" ಎಂದಳು ಅಂಜಿನಮ್ಮ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಮರ ಒಳಗೊಳಗೇ ಒಣಗ್ತಾ ಐತಮ್ಮಾ. ಬುಡದ ತನಕ ಸಿಮೆಂಟು ಬಂದೈತಲ್ಲ."

ಚೌಡೇಶ್ವರಿ ಮೊರವನ್ನು ಕುಕ್ಕಿದಳು. "ಅಯ್ಯ, ಸುಮ್ಮನಿರ್ರಿ ಮೇಡಂ! ಹಸಿರು ಹಂಗೇ ಕಣ್ಣಿಗೆ ಹೊಡೀತೈತೆ. ಈ ಹಣ್ಣಿನ ರಾಶಿ ನೋಡ್ರಿ. ಇಷ್ಟು ಹೆತ್ತ ಮರಕ್ಕೆ ಏನು ರೋಗ?"

"ಅದೇ ರೀ ಭಯ. ಎಲ್ಲ ಸಲ ಅಂತಲ್ಲ, ಕೆಲವು ಸಲ ಮರಕ್ಕೆ ಸಂಕಟ ಆದಾಗ ಇದ್ದಬದ್ದ ಕಸುವೆಲ್ಲ ಕಾಯಿಗೆ ಹಾಕ್ಬಿಡುತ್ತೆ. ನಾವು ಸುಗ್ಗಿ ಅಂದ್ಕೊಂತೀವಿ."

"ಕಣ್ಣಿಗೆ ಕಾಣದ್ದು ಈ ಡಬ್ಬಿಗೆ ಹೆಂಗೆ ಕಾಣುತ್ತೆ?"

ಚೈತ್ರಶ್ರೀ ಸುತ್ತ ನೋಡಿದಳು. ಜಗಲಿಯ ಕೆಳಗೆ ಅಂಗಳವನ್ನು ಅಂಜಿನಮ್ಮ ಬೆಳಿಗ್ಗೆ ಸಗಣಿಯಿಂದ ಸಾರಿಸಿದ್ದಳು. "ಅಮ್ಮಾ, ಈ ನೆಲ ಸಾರಿಸಿದ ಮೇಲೆ ಒಣಗೈತೋ ಇಲ್ವೋ ಮುಟ್ಟದೇ ಹೇಳ್ತೀರಾ?"

"ಅದೇನು ಬ್ರಹ್ಮವಿದ್ಯೆ? ಹಸಿ ಇದ್ದಾಗ ಕಪ್ಪಗಿರುತ್ತೆ, ಒಣಗಿದಂಗೆ ಬಿಳುಚುತ್ತೆ," ಎಂದಳು ಅಂಜಿನಮ್ಮ.

"ಅಷ್ಟೇ ನೋಡ್ರಿ ವಿಷಯ. ಹಸಿ ನೆಲ ಬೆಳಕನ್ನು ನುಂಗುತ್ತೆ, ಅದಕ್ಕೇ ಕಪ್ಪು. ಒಣ ನೆಲ ಬೆಳಕನ್ನು ವಾಪಸ್ ಎಸೆಯುತ್ತೆ, ಅದಕ್ಕೇ ಬಿಳುಪು. ಎಲೆನೂ ಹಂಗೇ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಬೆಳಕೂ ಐತೆ. ಎಲೆಯೊಳಗೆ ನೀರು ತುಂಬಿದ್ರೆ ಅಂಥ ಒಂದು ಬೆಳಕನ್ನು ಆ ನೀರು ನುಂಗಿಬಿಡುತ್ತೆ. ನೀರು ಕಡಿಮೆ ಆದಂಗೆ ಆ ಬೆಳಕು ಹೆಚ್ಚು ಹೆಚ್ಚು ವಾಪಸ್ ಬರುತ್ತೆ. ನಮ್ಮ ಕಣ್ಣಿಗೆ ಎರಡೂ ಒಂದೇ ಹಸಿರು. ಈ ಡಬ್ಬಿ ವಾಪಸ್ ಬಂದ ಬೆಳಕನ್ನು ತೂಗಿ ಹೇಳುತ್ತೆ. ಎಲೆ ಹಳದಿ ಆಗಾ ತನಕ ಕಾದ್ರೆ ಆಗಲೇ ತಡ ಆಗಿರುತ್ತೆ ರೀ."

ಅಂಜಿನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮಧ್ಯಾಹ್ನಕ್ಕೇ ಮಲಗ್ತೈತೆ," ಎಂದಳು.

"ಏನಂದ್ರಿ?"

"ಮರ. ಹೊತ್ತು ಮುಳುಗೋ ಮುಂಚೆನೇ ಎಲೆ ಮಡಚ್ತೈತೆ. ಸುಮಾರು ದಿನ ಆತು."

ಚೈತ್ರಶ್ರೀ ಅವಳನ್ನೇ ನೋಡಿದಳು. "ಅದು ಸುಮ್ಮನೆ ನಿದ್ದೆ ಅಲ್ಲಮ್ಮಾ. ಇರೋ ನೀರು ಆರಿ ಹೋಗದಂಗೆ ಮೈ ಮುದುಡಿಕೊಳ್ಳಾದು. ಯಾರಿಗಾದರೂ ಹೇಳಿದ್ರಾ?"

ಅಂಜಿನಮ್ಮ ಇಲ್ಲವೆಂದು ತಲೆಯಾಡಿಸಿದಳು.

ಆವತ್ತೂ ಮಧ್ಯಾಹ್ನವೇ ಆಗಿತ್ತು. ಕೂಸಿಗೆ ಬೇದಿ ಹಿಡಿದಿತ್ತು. ತುಟಿ ಒಣಗಿತ್ತು, ನೆತ್ತಿ ಕುಳಿ ಬಿದ್ದಿತ್ತು. ಆದರೂ ಮುಖ ಹೂವಿನ ಹಾಗೇ ಇತ್ತು. ಅತ್ತುಕೊಂಡಿದ್ದ ಮಗು ಅಳು ನಿಲ್ಲಿಸಿ ಮಲಗಿತು. 'ಅತ್ತೆ, ಇದು ಈ ಹೊತ್ತಿಗೆ ಮಲಗಾದಿಲ್ಲ, ಒಂಥರಾ ಮಲಗೈತೆ, ಒಂದು ಗುಟುಕು ನೀರಾದರೂ ಹಾಕ್ತೀನಿ' ಎಂದಿದ್ದಳು ಅವಳು. 'ನೀರು ಕೊಟ್ರೆ ಬೇದಿ ಇನ್ನೂ ಜಾಸ್ತಿ ಆಗುತ್ತೆ. ಮಲಗೈತೆ ಬಿಡು, ಏಳಿಸಬ್ಯಾಡ' ಎಂದಳು ಅತ್ತೆ. ಅತ್ತೆ ಕೆಟ್ಟವಳಲ್ಲ. ತನಗೆ ತನ್ನ ಅತ್ತೆ ಹೇಳಿದ್ದನ್ನೇ ಹೇಳಿದಳು. ಅಂಜಿನಮ್ಮ ನೀರಿನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಸಂಜೆಗೆ ಆ ನೀರನ್ನು ಚೆಲ್ಲಿದಳು.

ಇತ್ತ ಚೈತ್ರಶ್ರೀ ಇನ್ನೂ ಮರದ ಕೆಳಗಿರುವಾಗಲೇ ಧರ್ಮಪ್ಪ ಬಂದ. ಹಿಂದೆ ಗಾರೆ ಕೆಲಸದ ನಿಂಗರಾಜ್, ಕೈಯಲ್ಲಿ ಅಳತೆಯ ಹಗ್ಗ. ಚೌಡೇಶ್ವರಿ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದಳು. ಧರ್ಮಪ್ಪನ ಮುಖ ಬಿಗಿಯಿತು.

"ಬುಡಕ್ಕೆ ಸಿಮೆಂಟು ಹಾಕಬಾರದು ಅಂತೀರೇನು?"

"ಹೌದು ಸರ್. ಇರೋ ಸಿಮೆಂಟೇ ಮರದ ಉಸಿರು ಕಟ್ಟೈತೆ. ಮಳೆ ಬಂದ್ರೂ ನೀರು ರಸ್ತೆ ಮೇಲೆ ಹರಿದು ಚರಂಡಿಗೆ ಹೋಗ್ತೈತೆ, ಬೇರಿಗೆ ಇಳಿಯಾದಿಲ್ಲ. ಇನ್ನು ಈ ಒಂದು ಕಡೆನೂ ಮುಚ್ಚಿಬಿಟ್ರೆ..."

"ಊರೊಳಗಿನ ಅರಳಿಗೆ ಕಟ್ಟೆ ಇಲ್ವಾ? ಅದು ಬದುಕಿಲ್ವಾ? ಅದಕ್ಕೆ ಯಾರೂ ಡಬ್ಬಿ ಹಿಡಿಯಾಕೆ ಬರಲಿಲ್ಲ. ನಾವು ಕಟ್ಟಾಕೆ ಹೊಂಟ ತಕ್ಷಣ ಮರಕ್ಕೆ ಕಾಯಿಲೆ ಬಂತು, ಅಲ್ವಾ?"

 ಹುಡುಗಿ ಮೆಲ್ಲಗೆ ಹೇಳಿದಳು. "ಅದು ಹಳೇ ಕಾಲದ ಕಲ್ಲುಕಟ್ಟೆ ಸರ್, ಒಳಗೆ ಬರೀ ಮಣ್ಣು, ಕಲ್ಲಿನ ಸಂದಿಯಲ್ಲಿ ನೀರು ಇಳಿಯುತ್ತೆ. ನಿಮಗೆ ಕಟ್ಟೆ ಬ್ಯಾಡ ಅನ್ನಾಕೆ ನಾನ್ಯಾರು? ಮರ ಇದ್ರಲ್ವಾ ಕಟ್ಟೆಗೆ ನೆರಳು?"

"ಈ ಡಬ್ಬಿ ಹೇಳಾದು ಖರೇನೋ ಸುಳ್ಳೋ ಯಾರು ಕಂಡೋರು," ಎಂದ ಧರ್ಮಪ್ಪ. "ತಡೀರಿ."

ಅವನು ಮರದಿಂದ ಒಂದು ಹಿಡಿ ಎಲೆ ಕಿತ್ತು ಟವೆಲ್ಲಿನ ತುದಿಗೆ ಕಟ್ಟಿಕೊಂಡ. ಸರಸರ ನಡೆದು ಶಾಲೆಯ ಹಿಂದಕ್ಕೆ ಹೋದ. ಅಲ್ಲಿ ಬಯಲಿನಲ್ಲಿ ಇದೇ ವಯಸ್ಸಿನ ಇನ್ನೊಂದು ಹುಣಸೆ ಇದೆ, ಸುತ್ತ ಬರೀ ಮಣ್ಣು. ಅದರ ಎಲೆಯನ್ನು ಇನ್ನೊಂದು ತುದಿಗೆ ಕಟ್ಟಿಕೊಂಡು ಬಂದ. ಗೋಡೆ ಕಡೆ ತಿರುಗಿ ಎರಡೂ ಕೈಯಲ್ಲಿ ಬೇರೆ ಬೇರೆ ಹಿಡಿದು, ಮುಷ್ಟಿ ಮುಂದೆ ಚಾಚಿದ.

"ಈಗ ಹೇಳ್ರಿ. ಯಾವುದು ನಮ್ಮ ಮರ, ಯಾವುದು ಇಸ್ಕೂಲ್ ಮರ?"

"ಭಲೇ ಭಾವ," ಎಂದಳು ಚೌಡೇಶ್ವರಿ. ಎರಡೂ ಎಲೆಗಳನ್ನು ಕಲ್ಲಿನ ಮೇಲಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ನಿಂಗರಾಜ್ ಮೂಸಿಯೂ ನೋಡಿದ. ಒಂದೇ ಹಸಿರು. ಯಾರಿಗೂ ಗುರುತು ಸಿಗಲಿಲ್ಲ.

ಚೈತ್ರಶ್ರೀ ಬಿಳಿ ಬಿಲ್ಲೆಗೆ ಒಮ್ಮೆ ಹಿಡಿದು, ಒಂದೊಂದು ರಾಶಿಯ ಎಲೆಯನ್ನೂ ಕ್ಲಿಪ್ಪಿಗೆ ಇಟ್ಟಳು. ಪರದೆಯ ಮೇಲೆ ಎರಡು ಗೆರೆ ಮೂಡಿದವು. ಎಡಗಡೆ ಒಂದರ ಮೇಲೊಂದು ಹೊಂದಿಕೊಂಡು ಬಂದವು. ಬಲಕ್ಕೆ ಹೋಗುತ್ತ ಒಂದು ಗೆರೆ ಆಳಕ್ಕೆ ಇಳಿದು ಎದ್ದಿತು. ಇನ್ನೊಂದು ಅಷ್ಟು ಇಳಿಯಲೇ ಇಲ್ಲ.

"ಇಲ್ಲಿ ನೋಡ್ರಿ ಸರ್. ಎಡಗಡೆ ನಮ್ಮ ಕಣ್ಣಿಗೆ ಕಾಣೋ ಬಣ್ಣ, ಅಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಇದು ಕಾಣದ ಬೆಳಕು. ನೀರಿದ್ದ ಎಲೆದು ಹಳ್ಳಕ್ಕಿಳಿದಂಗೆ ಇಳಿಯುತ್ತೆ. ಇದರದ್ದು ಹಳ್ಳ ಮೇಲಕ್ಕೆ ಬಂದೈತೆ. ನಿಮ್ಮ ಎಡಗೈಯಾಗಿದ್ದ ಎಲೆ ಈ ಮರದ್ದು."

ಧರ್ಮಪ್ಪ ಎಡಗೈಯನ್ನು ತಿರುಗಿಸಿ ನೋಡಿಕೊಂಡ.  ಹುಡುಗಿ ಹೇಳಿದ್ದು ಸರಿಯೆಂದು ಅವನ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು.

"ಹಂಗಾದರೆ ಅಳತೆ ಹಿಡಿಯಲೋ ಬ್ಯಾಡವೋ ಧರ್ಮಣ್ಣ?" ಎಂದ ನಿಂಗರಾಜ್. "ನನಗೆ ನಾಳೆ ಬೇರೆ ಕಡೆ ಕೆಲಸ ಐತೆ. ಎಲ್ಲ ತಂದು ಹಾಕೀರಿ. ಸಿಮೆಂಟು ಗಟ್ಟಿಯಾಗುತ್ತೆ. ಒಂದು ಮರ ತಾನೆ?"

 ಈಗ ಹೇಳಬೇಕು ಎಂದುಕೊಂಡಳು ಅಂಜಿನಮ್ಮ. ಬಾಯಿ ತೆರೆದಳು. ಅಷ್ಟು ಜನರೆದುರು, ಅಷ್ಟು ವರ್ಷದ ಮೇಲೆ, ಯಾವ ಮಾತಿನಿಂದ ಶುರುಮಾಡುವುದು ತಿಳಿಯಲಿಲ್ಲ. 

ಧರ್ಮಪ್ಪ ಆ ಮಂಚದಗಲದ ಮಣ್ಣಿನ ಹತ್ತಿರ ಹೋಗಿ ನಿಂತ. ಚಪ್ಪಲಿ ಬಿಟ್ಟ. ನಿಂತಲ್ಲಿಂದಲೇ, ಯಾರನ್ನೂ ನೋಡದೆ ಹೇಳಿದ.

"ಬ್ಯಾಡ ನಿಂಗರಾಜಾ. ಇಲ್ಲಿ ನನ್ನ ಮಗಳು ಅದಾಳೆ."

ಚೌಡೇಶ್ವರಿಯ ಕೈಯ ಬೀಜ ಮೊರಕ್ಕೆ ಬೀಳಲಿಲ್ಲ. ನಿಂಗರಾಜ್ ಹಗ್ಗ ಸುತ್ತಿಕೊಂಡ. ಧರ್ಮಪ್ಪ ಇನ್ನೂ ನೆಲ ನೋಡುತ್ತಲೇ ಇದ್ದ. "ಅವಳ ತಲೆ ಮೇಲೆ ಎಲ್ಲರೂ ಕೂತ್ಕೊಂಡು ಮಾತಾಡ್ತಿದ್ರೆ ಅವಳಿಗೂ ಬೇಜಾರಾಗಲ್ಲ ಅಂದ್ಕೊಂಡಿದ್ದೆ," ಎಂದ. "ಅದಕ್ಕೇ ಇಲ್ಲೇ ಕಟ್ಟಬೇಕು ಅಂದಿದ್ದು."

ಅಂಜಿನಮ್ಮ ಜಗಲಿಯ ಕಂಬ ಹಿಡಿದುಕೊಂಡಳು. ಇವನು ಮರೆತಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುದ್ದೆ ಉಂಡುಕೊಂಡು, ಇಬ್ಬರೂ ಆ ಮರದ ಹಾಗೆ ಹೊರಗೆ ಹಸಿರಾಗಿ ಕಾಣುತ್ತ ಬದುಕಿದ್ದರು. ಯಾರೂ ಯಾರ ಒಳಗನ್ನೂ ನೋಡಿರಲಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಇಬ್ಬರೂ ಒಂಟಿಯಾಗಿಯೇ ಹೊತ್ತರಲ್ಲ ಎಂಬ ಸಂಕಟವೇ ಹೆಚ್ಚಾಯಿತು.

"ಈಗ ಏನು ಮಾಡಬೇಕು ಹೇಳವ್ವಾ," ಎಂದ ಧರ್ಮಪ್ಪ ಹುಡುಗಿಗೆ. ದನಿಯಲ್ಲಿ ಜಗಳ ಉಳಿದಿರಲಿಲ್ಲ.

ಚೈತ್ರಶ್ರೀ ಹೇಳಿದಳು. ಬೊಡ್ಡೆಯ ಸುತ್ತಲಿನ ಕಾಂಕ್ರೀಟನ್ನು ಪಂಚಾಯಿತಿಗೆ ಹೇಳಿ ಒಡೆಸಬೇಕು, ಒಡೆಯುವಾಗ ಬೇರಿಗೆ ಏಟು ಬೀಳಬಾರದು. ನೀರನ್ನು ಬೊಡ್ಡೆಗೆ ಸುರಿದರೆ ಉಪಯೋಗವಿಲ್ಲ. ನೀರು ಕುಡಿಯುವ ಸಣ್ಣ ಬೇರುಗಳು ಹೆಚ್ಚಾಗಿ ನೆರಳಿನ ಅಂಚಿನ ಕಡೆ ಇರುತ್ತವೆ. ಅಲ್ಲಿ ಹಳೆಯ ಮಣ್ಣಿನ ಮಡಕೆಗಳ ತಳಕ್ಕೆ ಸಣ್ಣ ತೂತು ಮಾಡಿ, ಕುತ್ತಿಗೆ ತನಕ ಹೂತು, ಸಂಜೆ ಹೊತ್ತು ತುಂಬಿಸಿಡಬೇಕು. ನೀರು ನಿಧಾನವಾಗಿ ಆಳಕ್ಕೆ ಇಳಿಯುತ್ತದೆ. ಸೋಪಿಲ್ಲದ ನೀರಾದರೆ ಸಾಕು, ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು. ಮಣ್ಣಿನ ಮೇಲೆ ಒಣಗಿದ ಎಲೆ, ಹುಲ್ಲು ಹೊದಿಸಬೇಕು. ಕಟ್ಟೆಯನ್ನು ಬೊಡ್ಡೆಯಿಂದ ದೂರಕ್ಕೆ, ಗಾರೆಯಿಲ್ಲದೆ, ಬರೀ ಕಲ್ಲು ಜೋಡಿಸಿ ಮಾಡಬಹುದು.

"ಇಷ್ಟು ಮಾಡಿದ್ರೆ ಬದುಕುತ್ತಾ?" ಎಂದಳು ಅಂಜಿನಮ್ಮ.

ಹುಡುಗಿ ಸುಳ್ಳು ಹೇಳಲಿಲ್ಲ. "ಹೇಳಾಕೆ ಬರಾದಿಲ್ಲಮ್ಮಾ. ರಸ್ತೆ ಹಾಕಿದ ವರ್ಷವೇ ಗೊತ್ತಾಗಿದ್ರೆ ಧೈರ್ಯವಾಗಿ ಹೇಳ್ತಿದ್ದೆ."

ಪಂಚಾಯಿತಿಗೆ ಅಲೆದು ಒಪ್ಪಿಗೆ ತಂದವನು ಧರ್ಮಪ್ಪನೇ. ಹಾರೆ ಹಿಡಿದು ಕಾಂಕ್ರೀಟ್ ಒಡೆದವನೂ ಅವನೇ. ಕೇರಿಯವರು ಸೇರಿಕೊಂಡರು. ಕಾಂಕ್ರೀಟಿನ ಕೆಳಗಿನ ಮಣ್ಣು ಸುಟ್ಟ ಬೂದಿಯ ಹಾಗೆ ಪುಡಿಪುಡಿಯಾಗಿತ್ತು.  ಚೌಡೇಶ್ವರಿ ತನ್ನ ಅಟ್ಟದ ಮೇಲಿನ ಮಡಕೆಗಳನ್ನೆಲ್ಲ ತಂದುಕೊಟ್ಟಳು. "ನನ್ನ ಮದುವೆ ಕಾಲದವು ಇವು. ನನ್ನಂಗೇ ತೂತು ಬಿದ್ದಾವೆ, ತಗಳ್ರಿ," ಎಂದಳು. ಬಹಳ ದಿನದ ಮೇಲೆ ಅಂಜಿನಮ್ಮನಿಗೆ ನಗು ಬಂತು.

ಯುಗಾದಿ ಬಂದು ಹೋಯಿತು. ಶಾಲೆ ಹಿಂದಿನ ಹುಣಸೆ ಕೆಂಪು ಚಿಗುರಿನಿಂದ ತುಂಬಿಕೊಂಡಿತು. ಮಕ್ಕಳು ಜೇಬಿನ ತುಂಬ ಕಿತ್ತುಕೊಂಡು ಹುಳಿಗೆ ಕಣ್ಣು ಮುಚ್ಚಿ ತಿಂದರು. ಕೇರಿಯ ಹುಣಸೆ ಚಿಗುರಲಿಲ್ಲ. ಮನೆ ಕಡೆಯ ಒಂದು ಟೊಂಗೆಯಲ್ಲಿ ಮಾತ್ರ ಹಳೆಯ ಎಲೆ ನಿಂತಿತ್ತು. ರಸ್ತೆ ಕಡೆಯ ಟೊಂಗೆಗಳು ಬೋಳಾದವು. ಗಾಳಿ ಬಂದರೆ ಕಡ್ಡಿಗಳು ಲಟಲಟ ಎನ್ನುತ್ತಿದ್ದವು.

ಚೈತ್ರಶ್ರೀ ಮತ್ತೆ ಬಂದಳು. ಉಳಿದ ಟೊಂಗೆಯ ಎಲೆ ಕಿತ್ತು ಕ್ಲಿಪ್ಪಿಗಿಟ್ಟಳು. ಈ ಸಲ ಅಂಜಿನಮ್ಮನೂ ಪರದೆ ನೋಡಿದಳು. ಗೆರೆ ಎಲ್ಲಿ ಇಳಿಯಬೇಕು ಎಂಬುದು ಅವಳಿಗೆ ಈಗ ಗೊತ್ತಿತ್ತು.

"ಇಳೀಲಿಲ್ಲ," ಎಂದಳು.

"ಹೂಂ ಅಮ್ಮಾ. ಹೆಚ್ಚುಕಡಿಮೆ ಮೊದಲಿನಂಗೇ ಐತೆ." ಹುಡುಗಿ ತಂತಿಯನ್ನು ಸುತ್ತುತ್ತ ತಲೆ ತಗ್ಗಿಸಿದಳು. "ನಿಮ್ಮಿಂದಾಗಿ ಪಕ್ಕದ ಊರಿನಲ್ಲಿ ಎರಡು ಬೇವಿನ ಮರದ ಬುಡದ ಸಿಮೆಂಟು ಬಿಡಿಸಿದ್ರು. ಅವುಗಳ ಸಂಕಟ ಬೇಗ ಗೊತ್ತಾತು. ಸುಧಾರಿಸ್ತಾ ಅದಾವೆ."

"ಒಳ್ಳೇದಾತು," ಎಂದಳು ಅಂಜಿನಮ್ಮ. ಮನಸ್ಸಿನಿಂದಲೇ ಹೇಳಿದಳು. 

ಸಂಜೆ ಧರ್ಮಪ್ಪ ಉಣ್ಣುವಾಗ, ತಟ್ಟೆ ನೋಡುತ್ತ ಹೇಳಿದ. "ಮಳೆಗಾಲ ಮುಗಿಯೋದ್ರೊಳಗೆ ಚಿಗುರದಿದ್ರೆ ತೆಗೆಸಬೇಕಾಗುತ್ತೆ ಕಣೇ. ಒಣಮರ, ಯಾರ ಮನೆ ಮೇಲಾದರೂ ಬಿದ್ದೀತು. ಮಡಕೆಗೆ ನೀರು ಹಾಕಾದು ಇನ್ನು ಸಾಕು ಅಂತಾರೆ ಎಲ್ಲರೂ. ಕುಡಿಯೋ ನೀರಿಗೇ ತತ್ವಾರ ಐತೆ."

"ಹೂಂ," ಎಂದಳು ಅಂಜಿನಮ್ಮ. ಇನ್ನೊಂದು ತುತ್ತು ಮುದ್ದೆ ಬಡಿಸಿದಳು.

ಅವನು ಎದ್ದ ಮೇಲೆ ಪಾತ್ರೆ ಎತ್ತಿಟ್ಟಳು. ಮೂಲೆಯಲ್ಲಿ ನಾಳೆಯ ಅವಳ ಸ್ನಾನಕ್ಕೆಂದು ಇಟ್ಟ ಒಂದು ಕೊಡ ನೀರಿತ್ತು. ಅದನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಬಂದಳು. ನಸುಗತ್ತಲು. ಆ ಒಂದು ಟೊಂಗೆಯ ಎಲೆ ಮಡಚಿಕೊಂಡಿತ್ತು. ಈ ಹೊತ್ತಿಗೆ ಮಡಚುವುದು ಸರಿಯೇ. ನೆರಳಿನ ಅಂಚು ಎಲ್ಲಿ ಬೀಳುತ್ತದೆ ಎಂಬುದು ಬಿಸಿಲಿಲ್ಲದೆಯೂ ಅವಳ ಕಾಲಿಗೆ ತಿಳಿದಿತ್ತು. ಒಂದೊಂದೇ ಮಡಕೆಯ ಮುಚ್ಚಳ ಸರಿಸಿ ನೀರು ಬಗ್ಗಿಸಿದಳು. ಮಣ್ಣು ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಅವಳು ಪೂರ್ತಿ ಕೇಳಿದಳು.

ಮಳೆ ಬರಲಿ, ಬಾರದಿರಲಿ. ಎಲೆ ಬರಲಿ, ಬಾರದಿರಲಿ. ಮರವನ್ನು ತೆಗೆಸುವ ದಿನದ ತನಕ ತನ್ನ ಪಾಲಿನ ಈ ನೀರು ಇಲ್ಲಿಗೆ. ಬೇಡವೆಂದವರ ಮಾತನ್ನು ಈ ಸಲ ಕೇಳುವುದಿಲ್ಲ. ಅಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು.  

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಂಜಿನಮ್ಮನ ಮರ ಉಳಿಯುತ್ತದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ನಿಮ್ಮ ಮರಕ್ಕೆ ಇನ್ನೂ ಹೊತ್ತಿರಬಹುದು. ಇವತ್ತೇ ಹೊರಗೆ ಹೋಗಿ ಅದರ ಬುಡ ನೋಡಿ. ಬೊಡ್ಡೆಯ ತನಕ ಸಿಮೆಂಟು ಇದ್ದರೆ ಬಿಡಿಸುವ ಮಾತಾಡಿ. ಹಸಿರಾಗಿದೆ ಎಂದು, ಕಾಯಿ ತುಂಬಿದೆ ಎಂದು ಸುಮ್ಮನಾಗಬೇಡಿ. ಎಲೆ ಹಳದಿಯಾಗುವ ಮೊದಲೇ ಅದರ ಬಾಯಾರಿಕೆಯನ್ನು ಬೆಳಕಿನಿಂದ ತಿಳಿಯುವ ಉಪಾಯ ಈಗ ಇದೆ. ನಿಮ್ಮ ಹತ್ತಿರದ ಕೃಷಿ ಕಾಲೇಜಿನಲ್ಲಿ, ತೋಟಗಾರಿಕೆ ಕಚೇರಿಯಲ್ಲಿ ಕೇಳಿ, ನಮ್ಮೂರಿಗೂ ಬನ್ನಿ ಎಂದು ಕರೆಯಿರಿ. ಅವರು ಬರುವ ತನಕ ನಿಮ್ಮ ಕಣ್ಣನ್ನು ನಂಬಿ. ದಿನವೂ ನೋಡುವವರಿಗೆ ಮೊದಲು ತಿಳಿಯುತ್ತದೆ. ತಿಳಿದದ್ದನ್ನು ಗಟ್ಟಿಯಾಗಿ ಹೇಳಿ, ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ.

ಮರವಾಗಲಿ, ಮಗುವಾಗಲಿ, ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದರೆ ದಯವಿಟ್ಟು 'ಮಲಗಿದೆ ಬಿಡು' ಎನ್ನಬೇಡಿ. ಮೊದಲು ನೀರು ಕೊಡಿ.